ಬಲ ಸರಿ, ಎಡ ಸರಿ

ಫೆಬ್ರವರಿ 3

ಬರೆಯುವುದಾದರೆ ಸುಳ್ಳು ಬರೆಯಬಾರದು. ಈ ಒಂದು ನಿಯಮ ಸಾಕು. ಉಳಿದ ನಿಯಮಗಳನ್ನೆಲ್ಲ ಶಾಲೆಯಲ್ಲೇ ಬಿಟ್ಟು ಬಂದಿದ್ದೇನೆ.

ಹಿನಾಸಾಕಾ ನಿಲ್ದಾಣದ ಕೆಲಸಕ್ಕೆ ಸೇರಿ ಸ್ವಲ್ಪ ದಿನವಾಯಿತು. ಬೆಳಗಿನ ನೂಕುನುಗ್ಗಲಿನಲ್ಲಿ ಟೋಕಿಯೊ ಕಡೆಗೆ ಹೋಗುವವರನ್ನು ಬೋಗಿಯೊಳಕ್ಕೆ ಒತ್ತುವುದು, ಬಾಗಿಲಿಗೆ ಸಿಕ್ಕಿಕೊಂಡ ಕೋಟು ಚೀಲಗಳನ್ನು ಒಳಗೆ ತುರುಕುವುದು ನನ್ನ ಕೆಲಸ. ಮೊದಲ ದಿನ ಅಪರಿಚಿತರ ಬೆನ್ನಿಗೆ ಕೈಹಚ್ಚಲು ಮುಜುಗರವಾಗಿತ್ತು. ಈಗ ಬೆನ್ನುಗಳೆಲ್ಲ ಅಕ್ಕಿಮೂಟೆಗಳಂತೆ ಕಾಣುತ್ತವೆ. ಕ್ಷಮಿಸಿ ಎನ್ನುತ್ತಲೇ ಭುಜ ಕೊಟ್ಟು ಒತ್ತುತ್ತೇನೆ. ಯಾರೂ ತಿರುಗಿ ನೋಡುವುದಿಲ್ಲ. ನೋಡಲು ಅಲ್ಲಿ ಜಾಗವೂ ಇರುವುದಿಲ್ಲ.

ಅಮ್ಮನಿಗೆ ಈ ಕೆಲಸ ಹಿಡಿಸಿಲ್ಲ. "ಶಾಲೆಗೆ ಹೋಗೋ ರೈಲು ಹತ್ತಲ್ಲ ಅಂದೋಳು, ಈಗ ಊರಿನವರನ್ನೆಲ್ಲ ಹತ್ತಿಸ್ತಾಳಂತೆ" ಎಂದು ಬೆಳಿಗ್ಗೆ ಮಿಸೊ ಸಾರು ಬಡಿಸುತ್ತಾ ಚುಚ್ಚಿದಳು. ನನಗೂ ನಗು ಬಂತು. ಅವಳು ಹೇಳಿದ್ದು ನಿಜವೇ.

ಕೆಲಸ ಸಿಕ್ಕಿದ್ದು ಕುರಾಮೋಚಿ-ಸಾನ್ ಅವರಿಂದ. ಪ್ಲಾಟ್‌ಫಾರ್ಮಿನ ಹಿರಿಯ ಅವರು. ನಿವೃತ್ತಿಯಾದ ಮೇಲೂ ಮತ್ತೆ ಕರೆಸಿಕೊಂಡಿದ್ದಾರೆ. ಸಂದರ್ಶನದಲ್ಲಿ ಶಾಲೆ ಬಿಟ್ಟದ್ದೇಕೆ ಎಂದು ಕೇಳಿದಾಗ ಇದ್ದದ್ದನ್ನು ಹೇಳಿದೆ. ನಮ್ಮ ತರಗತಿಯ ಹುಡುಗನೊಬ್ಬ ಮೆಟ್ಟಿಲ ಮೇಲಿಂದ ಬಿದ್ದ. ಕಾಲು ಜಾರಿತು ಎಂದು ಎಲ್ಲರೂ ಹೇಳಿದರು. ನೂಕಿದ್ದನ್ನು ನಾನು ನೋಡಿದ್ದೆ, ನೋಡಿದೆ ಎಂದೆ. ಆಮೇಲೆ ನನ್ನೊಡನೆ ಯಾರೂ ಮಾತಾಡಲಿಲ್ಲ, ಬಿದ್ದ ಹುಡುಗನೂ. ಉಪ ಸ್ಟೇಷನ್ ಮಾಸ್ಟರ್ ತೊಕೋರೊ ಇದನ್ನು ಕೇಳಿ ಮುಖ ಸಣ್ಣದು ಮಾಡಿಕೊಂಡರು. ಕುರಾಮೋಚಿ-ಸಾನ್ ಮಾತ್ರ, "ಇವಳು ನನ್ನ ಪ್ಲಾಟ್‌ಫಾರ್ಮಿಗೆ ಬೇಕು. ಕಂಡಿದ್ದನ್ನ ಕಂಡೆ ಅನ್ನೋರು ಸುಲಭಕ್ಕೆ ಸಿಗಲ್ಲ" ಎಂದರು.

ಇವತ್ತು ಸೆತ್ಸುಬುನ್, ಕಾಳೆರಚಿ ದೆವ್ವ ಓಡಿಸುವ ಹಬ್ಬ. ಕೆಲಸ ಮುಗಿದ ಮೇಲೆ ಅವರು ಹುರಿದ ಸೋಯಾ ಕಾಳು ತಂದಿದ್ದರು. ವಯಸ್ಸಿನಷ್ಟು ಕಾಳು ತಿನ್ನಬೇಕಲ್ಲ, ನನ್ನ ಜೊತೆ ಒತ್ತುವ ಕಾಲೇಜು ಹುಡುಗ ಹಟಾನೊ, "ಕುರಾಮೋಚಿ-ಸಾನ್‌ಗೆ ಚೀಲವೇ ಬೇಕಾಗುತ್ತೆ, ಮಧ್ಯಾಹ್ನದ ಊಟ ಬೇಡ ಬಿಡಿ" ಎಂದು ಛೇಡಿಸಿದ. ನಾನು ಅವರ ಎಡಗಡೆಯಿಂದ ಪೊಟ್ಟಣ ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ. ನಗುತ್ತಾ ತಿರುಗಿದರು, ಮೊಣಕೈ ತಾಗಿ ಕಾಳೆಲ್ಲ ನೆಲಕ್ಕೆ ಚೆಲ್ಲಿತು. ದೆವ್ವ ಓಡಿಸೋಕೆ ಹೇಗೂ ಚೆಲ್ಲಲೇಬೇಕಿತ್ತು ಎಂದು ಎಲ್ಲರೂ ನಕ್ಕರು.

ಫೆಬ್ರವರಿ 17

ಮಳೆ, ಮಂಜು. ಎಲ್ಲರ ಕೈಯಲ್ಲೂ ಕೊಡೆ. ಇಂಥ ದಿನ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ. ಒದ್ದೆ ಉಣ್ಣೆಯ ವಾಸನೆ.

ನಮ್ಮ ಪ್ಲಾಟ್‌ಫಾರ್ಮ್ ಕುಡುಗೋಲಿನಂತೆ ಬಾಗಿದೆ. ರೈಲಿನ ಕೊನೆಯಲ್ಲಿ ನಿಂತ ಗಾರ್ಡಿಗೆ ನಡುವಿನ ಬೋಗಿಗಳು ಕಾಣುವುದಿಲ್ಲ. ಅದಕ್ಕೇ ತಿರುವಿನ ಹೊಟ್ಟೆಯಲ್ಲಿ ಕುರಾಮೋಚಿ-ಸಾನ್ ನಿಲ್ಲುತ್ತಾರೆ. ಬಾಗಿಲು ಮುಚ್ಚಿದ ಮೇಲೆ ಬಿಳಿ ಕೈಗವಸಿನ ಬೆರಳನ್ನು ಬಲಕ್ಕೆ ಚಾಚಿ "ಬಲ ಸರಿ", ಎಡಕ್ಕೆ ಚಾಚಿ "ಎಡ ಸರಿ" ಎಂದು ಗಟ್ಟಿಯಾಗಿ ಹೇಳಿ, ಸುತ್ತಿದ ಕೆಂಪು ಬಾವುಟ ಮೇಲೆತ್ತುತ್ತಾರೆ. ಅದನ್ನು ನೋಡಿ ಗಾರ್ಡ್ ಗಂಟೆ ಕೊಡುತ್ತಾನೆ, ರೈಲು ಹೊರಡುತ್ತದೆ. ಬೆರಳು ಹೋದಲ್ಲಿ ಕಣ್ಣು ಹೋಗಬೇಕು, ಕಣ್ಣು ಕಂಡದ್ದನ್ನು ಬಾಯಿ ಹೇಳಬೇಕು. ನಮಗೆಲ್ಲ ಕಲಿಸುವ ಮೊದಲ ಪಾಠ ಇದೇ. ಅವರು ಮಾಡುವುದನ್ನು ನೋಡಲು ಬೇರೆ ನಿಲ್ದಾಣಗಳಿಂದ ಹೊಸಬರನ್ನು ಕಳಿಸುತ್ತಾರೆ. ನೃತ್ಯದಂತಿರುತ್ತದೆ.

ಇವತ್ತು ಎಡಗಡೆಯ ಬಾಗಿಲೊಂದರಲ್ಲಿ ಕೊಡೆಯ ಹಿಡಿ ಸಿಕ್ಕಿಕೊಂಡು ಹೊರಗೆ ಚಾಚಿತ್ತು. ಅದರ ಪಟ್ಟಿ ಹೊರಗಿದ್ದ ಒಬ್ಬ ಹೆಂಗಸಿನ ಮಣಿಕಟ್ಟಿಗೆ ಸುತ್ತಿಕೊಂಡಿತ್ತು. ಕುರಾಮೋಚಿ-ಸಾನ್ ಬೆರಳು ಅದರ ಮೇಲಿನಿಂದ, ಸರಿಯಾಗಿ ಅದರ ಮೇಲಿನಿಂದ ಹಾದುಹೋಯಿತು. ಎಡ ಸರಿ ಎಂದರು. ರೈಲು ಕದಲಿತು. ಒಳಗಿದ್ದವರು ಯಾರೋ ಕೊಡೆ ಎಳೆದುಕೊಂಡರು, ಪಟ್ಟಿ ಕಿತ್ತುಬಂತು. ಆ ಹೆಂಗಸು ಮಣಿಕಟ್ಟು ಉಜ್ಜಿಕೊಂಡು, ತಪ್ಪು ತನ್ನದೇ ಎಂಬಂತೆ ಎಲ್ಲರಿಗೂ ತಲೆಬಾಗಿಸಿ ಮುಂದಿನ ರೈಲಿನ ಸಾಲಿಗೆ ನಿಂತಳು.

ನಾನು ನೋಡಿದೆ. ನಾಳೆ ಹೇಳುತ್ತೇನೆ.

ಫೆಬ್ರವರಿ 18

ಹೇಳಿದೆ. ತೊಕೋರೊಗೆ ಹೇಳುವ ಮೊದಲು ಅವರಿಗೇ ಹೇಳುವುದು ನ್ಯಾಯ ಎನ್ನಿಸಿತು. ವಿಶ್ರಾಂತಿ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಅವರು ವಾದಿಸಲಿಲ್ಲ. ಗೋಡೆಯ ಮೇಲಿದ್ದ ವೇಳಾಪಟ್ಟಿಯ ಅತಿ ಸಣ್ಣ ಅಕ್ಷರಗಳನ್ನು ಕುಳಿತಲ್ಲಿಂದಲೇ ಓದಿ ತೋರಿಸಿದರು. ನನ್ನಿಂದಲೂ ಆಗುವುದಿಲ್ಲ. ಆಮೇಲೆ ಮುಷ್ಟಿ ಕಟ್ಟಿ, ಒಳಗೆ ಸಣ್ಣ ತೂತು ಬಿಟ್ಟು, ಅದನ್ನು ಕಣ್ಣಿಗೆ ಹಿಡಿದುಕೊಂಡರು.

"ಇಷ್ಟೇ ಉಳಿದಿರೋದು ನನಗೆ. ಇಷ್ಟರಲ್ಲಿ ಇರುವೆ ನಡೆದ್ರೂ ಕಾಣುತ್ತೆ. ಇದರಾಚೆ ಆನೆ ನಿಂತಿದ್ರೂ ಕಾಣಲ್ಲ. ಎಡಗಣ್ಣಂತೂ ಮುಗಿದೇ ಹೋಗಿದೆ."

ಕಣ್ಣಿನ ಪರೀಕ್ಷೆಯಲ್ಲಿ ಎರಡೂ ಕಣ್ಣು ತೆರೆದೇ ಅಕ್ಷರ ಓದಿಸುತ್ತಾರೆ, ಅವರು ಓದುತ್ತಾರೆ, ಪಾಸಾಗುತ್ತಾರೆ. ಪ್ಲಾಟ್‌ಫಾರ್ಮಿನಲ್ಲಿ ಬೆರಳು ಚಾಚುತ್ತಾರೆ, ಬೆರಳ ತುದಿಯಷ್ಟು ಕಾಣುತ್ತದೆ, ಸರಿ ಎನ್ನುತ್ತಾರೆ. ಅಷ್ಟು ಚೆನ್ನಾಗಿ ಬೆರಳು ಚಾಚುವವರನ್ನು ಯಾರು ಅನುಮಾನಿಸುತ್ತಾರೆ?

ಏಪ್ರಿಲ್ ಕೊನೆಗೆ ಅವರ ಗುತ್ತಿಗೆ ಮುಗಿಯುತ್ತದೆಯಂತೆ. ಹೆಂಡತಿಗೂ ಹೇಳಿಲ್ಲ. ಹಾಗಾದರೆ ಈಗಲೇ ಏಕೆ ಬಿಡಬಾರದು ಎಂದು ಕೇಳಿದೆ. ಅವರು ಚಹಾದ ಲೋಟ ತಿರುಗಿಸುತ್ತಾ ಹೇಳಿದರು:

"ಕೊನೆ ದಿನ ಆ ಬಾವುಟ ನಾನೇ ಮಡಚಿ ಕೊಡ್ಬೇಕು ಅಂತ ಆಸೆ. ಕೈಯಿಂದ ಕಿತ್ಕೊಂಡು ಕಳಿಸಬಾರದು. ಅಷ್ಟೇ ಕಣಮ್ಮ, ಬೇರೇನಿಲ್ಲ. ಹೇಳ್ಬೇಕು ಅನ್ಸಿದ್ರೆ ನೀನು ಹೋಗಿ ಹೇಳು. ಹೇಳೋಳು ಅಂತ ಗೊತ್ತಿದ್ದೇ ನಿನ್ನ ತಗೊಂಡಿದ್ದು."

ಅವರು ಬೇಡಿಕೊಂಡಿದ್ದರೆ ನೇರ ತೊಕೋರೊ ಕೋಣೆಗೆ ಹೋಗುತ್ತಿದ್ದೆ. ಬೇಡಿಕೊಳ್ಳಲಿಲ್ಲ.

ಫೆಬ್ರವರಿ 20

ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ದಾರಿ ಹೊಳೆಯಿತು. ಜಾಗ ಬದಲಿಸಿಕೊಂಡಿದ್ದೇನೆ. ಈಗ ನಾನು ನಿಲ್ಲುವುದು ಅವರ ಎಡಗಡೆ, ಹೆಚ್ಚು ದೂರವಲ್ಲ. ಬಾಗಿಲು ಮುಚ್ಚಿದ ಮೇಲೆ ಎಡಭಾಗವನ್ನೆಲ್ಲ ಮೊದಲು ನಾನು ನೋಡಿ "ಎಡ ಸರಿ" ಎನ್ನುತ್ತೇನೆ. ಅವರು ಬಲಕ್ಕೆ ತಲೆಯನ್ನು ಮೆಲ್ಲಗೆ ತಿರುಗಿಸುತ್ತಾ ತಾವೇ ನೋಡಿಕೊಳ್ಳುತ್ತಾರೆ, ಎಡಕ್ಕೆ ಬೆರಳು ಮಾತ್ರ ಚಾಚುತ್ತಾರೆ. ಬೆರಳು ಅವರದು, ಕಣ್ಣು ನನ್ನದು. ಸಿಕ್ಕಿಕೊಂಡಿದ್ದೇನಾದರೂ ಇದ್ದರೆ ನಾನು ಸುಮ್ಮನಿರುತ್ತೇನೆ, ಅವರೂ ಬಾವುಟ ಎತ್ತುವುದಿಲ್ಲ.

ಇದರಿಂದ ಯಾರಿಗೂ ಅಪಾಯವಿಲ್ಲ. ಮೊದಲಿಗಿಂತ ಭದ್ರವೇ. ಇದನ್ನು ಬರೆದು, ಮತ್ತೊಮ್ಮೆ ಓದಿ ನೋಡಿದೆ. ಸುಳ್ಳೇನೂ ಕಾಣಲಿಲ್ಲ.

ಮಾರ್ಚ್ 5

ಹಳಿಯಾಚೆಯ ಕಂಬದ ಮೇಲೆ ಕಾಗೆಗಳು ಗೂಡು ಕಟ್ಟುತ್ತಿವೆ. ಬಾಲ್ಕನಿಗಳಿಂದ ಬಟ್ಟೆ ನೇತುಹಾಕುವ ತಂತಿ ಹ್ಯಾಂಗರುಗಳನ್ನು ಕದ್ದು ತರುತ್ತವೆ. ತಂತಿ ವಿದ್ಯುತ್ ಲೈನಿಗೆ ತಾಗಿದರೆ ರೈಲು ನಿಲ್ಲುತ್ತದೆ ಎಂದು ತೊಕೋರೊ ದಿನವೂ ಕತ್ತು ಎತ್ತಿ ನೋಡುತ್ತಾರೆ. ಹಟಾನೊ ಹೇಳಿದ: "ಈ ರೈಲಲ್ಲಿ ಕೆಲಸಕ್ಕೆ ಹೋಗೋರ ಥರ ಕಾಗೆಗಳಿಗೂ ಮನೆ ಸಾಲ ತೀರಿಸೋಕೆ ಈ ಲೈನೇ ಬೇಕು ನೋಡು."

ಕೆಲಸ ಬಿಡಬೇಕು ಎಂದು ಈ ತಿಂಗಳು ಒಮ್ಮೆಯೂ ಅನ್ನಿಸಿಲ್ಲ. ಇಷ್ಟು ದಿನ ಒಂದೇ ಕಡೆ ನಿಂತದ್ದು ಇದೇ ಮೊದಲು.

ಮಾರ್ಚ್ 14

ತೊಕೋರೊ ಕರೆದರು. ಇಡೀ ನಿಲ್ದಾಣದಲ್ಲಿ ನನ್ನನ್ನು ಮನೆತನದ ಹೆಸರು ಹಿಡಿದು ಕರೆಯುವವರು ಅವರೊಬ್ಬರೇ. ಕೊಡೆಯ ಹೆಂಗಸಿನ ಗಂಡ ಕಂಪನಿಗೆ ಫೋನು ಮಾಡಿದ್ದನಂತೆ.

"ಅಸನುಮ-ಸಾನ್, ಕುರಾಮೋಚಿ-ಸಾನ್‌ಗೆ ವಯಸ್ಸಾಯ್ತು. ನೀವು ಪಕ್ಕದಲ್ಲೇ ಇರ್ತೀರಿ. ಅವರ ನೋಟ ಹೇಗಿದೆ ಅನ್ಸುತ್ತೆ?"

"ಗೋಡೆ ಮೇಲಿನ ವೇಳಾಪಟ್ಟೀನ ಕೂತಲ್ಲಿಂದಲೇ ಓದ್ತಾರೆ" ಎಂದೆ. "ನನ್ನಿಂದ ಆಗಲ್ಲ."

ಅವರಿಗೆ ಸಮಾಧಾನವಾಯಿತು. ಹೀಗೇ ಹೇಳಲಿ ಎಂದು ಕಾದಿದ್ದರೆಂದು ಕಾಣುತ್ತದೆ.

ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಕೇಳಿದ್ದರೆ ಉಳಿದದ್ದನ್ನೂ ಹೇಳುತ್ತಿದ್ದೆ. ಕೇಳಲಿಲ್ಲ.

ಹೊರಗೆ ಬಂದಾಗ ಕುರಾಮೋಚಿ-ಸಾನ್ ನೀರಿನ ಝಾರಿ ಹಿಡಿದು ಪ್ಲಾಟ್‌ಫಾರ್ಮಿನ ಕೊನೆಯ ಹೂಕುಂಡಗಳಿಗೆ ನೀರು ಹಾಕುತ್ತಿದ್ದರು. ಕುಂಡದ ಅಂಚಿನಾಚೆ ನೀರು ಸುರಿದು ಅವರ ಬೂಟು ತೋಯುತ್ತಿತ್ತು.

ಮಾರ್ಚ್ 27

ಹಟಾನೊಗೆ ಓಸಾಕದಲ್ಲಿ ಕೆಲಸ ಸಿಕ್ಕಿದೆ, ಇವತ್ತು ಕೊನೆಯ ದಿನ. ಎಲ್ಲರಿಗೂ ಬಿಸ್ಕತ್ತಿನ ಸಣ್ಣ ಪೊಟ್ಟಣ ಹಂಚಿದ. ನನಗೆ ಕೊಡುವಾಗ ಕೈ ಬಿಡದೆ ಹಿಡಿದುಕೊಂಡು ಮೆಲ್ಲಗೆ ಕೇಳಿದ:

"ಇಬುಕಿ, ನೀನ್ಯಾಕೆ ಮುದುಕರ ಬೆರಳಿಗಿಂತ ಮೊದಲೇ ಕೂಗ್ತೀಯ?"

"ಅಭ್ಯಾಸ ಆಗಲಿ ಅಂತ."

"ಯಾರಿಗೆ?"

ರೈಲು ಬಂತು, ಒತ್ತಲು ಓಡಿದೆ. ಅವನ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳುವುದಿಲ್ಲವಂತೆ. ಶರತ್ಕಾಲಕ್ಕೆ ಕ್ಯಾಮೆರಾ ಹಾಕುತ್ತಾರಂತೆ. ಅಲ್ಲಿಯವರೆಗೆ ಅವನ ಬಾಗಿಲುಗಳನ್ನೂ ನಾನೇ ನೋಡಬೇಕು. ಒತ್ತಲು ಆ ತುದಿಗೆ ಓಡುವುದು, ಬಾಗಿಲು ಮುಚ್ಚುವ ಹೊತ್ತಿಗೆ ಎಡಕ್ಕೆ ಮರಳಿ ಬರುವುದು. ಬರುತ್ತಾ ಬರುತ್ತಾ ನೋಡುತ್ತೇನೆ. ಸಾಕಾಗುತ್ತದೆ.

ಮನೆಗೆ ಬಂದರೆ ಇನ್ನೊಂದು ಗಲಾಟೆ. ಬೆಳಿಗ್ಗೆ ಹೊರಡುವಾಗ ಒಲೆಯ ಕಡೆ ಬೆರಳು ತೋರಿಸಿ "ಗ್ಯಾಸ್ ಸರಿ" ಎಂದಿದ್ದೆ. ಈಗೀಗ ಮನೆಯಲ್ಲೂ ಹೀಗೆ ಮಾಡುತ್ತೇನೆ. ಅಮ್ಮ ಎದ್ದಾಗ ಒಲೆ ಉರಿಯುತ್ತಲೇ ಇತ್ತಂತೆ, ಪಾತ್ರೆ ತಳ ಹಿಡಿದು ಕರಕಲಾಗಿತ್ತು.

"ಬೆರಳು ತೋರಿಸಿದ್ರೆ ಬೆಂಕಿ ಆರುತ್ತಾ? ನೀನೇನು ದೇವರಾ?" ಎಂದಳು.

ಸುಸ್ತು, ಅಷ್ಟೇ. ಬೆಳಕು ಹರಿಯುವ ಮೊದಲೇ ಎದ್ದರೆ ಹೀಗಾಗುತ್ತದೆ.

ಏಪ್ರಿಲ್ 8

ಚೆರ್ರಿ ಹೂವು ಉದುರಿ ಹಳಿಯ ಮೇಲೆಲ್ಲ ಕಂದುಬಣ್ಣವಾಗಿ ಕೊಳೆಯುತ್ತಿದೆ. ಶಾಲೆ ಕಾಲೇಜು ಕಂಪನಿ ಎಲ್ಲ ಹೊಸದಾಗಿ ಶುರುವಾಗಿ, ಎಲ್ಲಿ ನಿಲ್ಲಬೇಕು ಎಂದು ತಿಳಿಯದವರೇ ತುಂಬಿಹೋಗಿದ್ದಾರೆ.

ಮೂರು ನಿಲ್ದಾಣದಾಚೆಯ ಖಾಸಗಿ ಶಾಲೆಗೆ ಒಂದನೇ ತರಗತಿಯ ಪುಟ್ಟ ಹುಡುಗಿಯೊಬ್ಬಳು ಒಂಟಿಯಾಗಿ ಬರುತ್ತಾಳೆ. ತಲೆಗೆ ಹಳದಿ ಟೋಪಿ, ಅವಳಿಗಿಂತ ದೊಡ್ಡದಾದ ಕೆಂಪು ಬೆನ್ನುಚೀಲ. ಚೀಲದ ಪಕ್ಕದ ಪಟ್ಟಿಗೆ ದೇವಾಲಯದ ರಕ್ಷೆ, ಅದಕ್ಕೊಂದು ಗಂಟೆ. ನಡೆದರೆ ಟಿಣ್ ಟಿಣ್ ಎನ್ನುತ್ತದೆ. ಇವತ್ತು ಅವಳ ತಾಯಿ ಗೇಟಿನ ತನಕ ಬಂದು, ನನ್ನ ಕಡೆ ತಲೆಬಾಗಿಸಿ ಹೋದಳು. ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು:

"ಅಕ್ಕ, ನೀವು ಯಾರ ಜೊತೆ ಮಾತಾಡ್ತೀರಿ? ಸರಿ ಸರಿ ಅಂತ?"

"ರೈಲಿನ ಜೊತೆ."

"ಅದು ಏನನ್ನುತ್ತೆ?"

"ಏನೂ ಅನ್ನಲ್ಲ. ಹೋಗುತ್ತೆ."

ಅವಳು ಎತ್ತರದಲ್ಲಿ ಕುರಾಮೋಚಿ-ಸಾನ್ ಸೊಂಟಕ್ಕೂ ಬರುವುದಿಲ್ಲ. ಅವರ ಮುಷ್ಟಿಯ ತೂತಿನೊಳಗೆ ಅವಳು ಯಾವತ್ತೂ ಬಂದಿರಲಾರಳು. ಅವಳ ಗಂಟೆ ಕೇಳಿಸಿದರೆ ಮಾತ್ರ ಅವರ ಮುಖ ಆ ಕಡೆ ತಿರುಗುತ್ತದೆ, ಸ್ವಲ್ಪ ತಡವಾಗಿ, ಅವಳು ಆಗಲೇ ದಾಟಿಹೋದ ಜಾಗಕ್ಕೆ.

ಏಪ್ರಿಲ್ 13

ಮುಗಿಯಲು ಇನ್ನು ಹೆಚ್ಚು ದಿನವಿಲ್ಲ. ಕುರಾಮೋಚಿ-ಸಾನ್ ಹೊಸ ಕೈಗವಸು ತೆಗೆದಿಟ್ಟಿದ್ದಾರೆ, ಕೊನೆಯ ದಿನಕ್ಕೆ. ತೊಕೋರೊ ಹೂಗುಚ್ಛಕ್ಕೆ ಹೇಳಿದ್ದಾರಂತೆ. ಕುರಾಮೋಚಿ-ಸಾನ್ ಈಗ ಎಡಕ್ಕೆ ತಲೆಯನ್ನೂ ತಿರುಗಿಸುವುದಿಲ್ಲ. ನನ್ನ ದನಿ ಕೇಳಿದ ಕೂಡಲೇ ಬೆರಳು ಹೊರಡುತ್ತದೆ, ಬಾವುಟ ಏರುತ್ತದೆ. ಒಂದೇ ಮೈಯ ಎರಡು ಕೈಗಳಂತೆ ಇದ್ದೇವೆ. ಮೊದಲೆಲ್ಲ ರೈಲು ಹೊರಡುವುದು ತಡವಾಗುತ್ತಿತ್ತು, ಈಗ ಆಗುವುದಿಲ್ಲ ಎಂದು ಗಾರ್ಡೊಬ್ಬ ಹೊಗಳಿದ.

ಕಂಬದ ಗೂಡಿನಲ್ಲಿ ಮರಿಗಳಾಗಿವೆ. ತಾಯಿ ಕಾಗೆ ಜನರ ತಲೆಗೆ ಎರಗುತ್ತಿದೆ. ಶುಕ್ರವಾರ ಗೂಡು ತೆಗೆಯುತ್ತಾರಂತೆ.

ಏಪ್ರಿಲ್ 17

ಇವತ್ತು ಬರೆಯಲಾರೆ.

ಏಪ್ರಿಲ್ 18

ಬರೆಯದಿದ್ದರೆ ಅದೂ ಸುಳ್ಳೇ.

ನಿನ್ನೆ ಬೆಳಿಗ್ಗೆ ವಿದ್ಯುತ್ ವಿಭಾಗದವರು ಹಳದಿ ಹೆಲ್ಮೆಟ್ ಹಾಕಿಕೊಂಡು ಎದುರಿನ ಕಂಬ ಹತ್ತಿದ್ದರು. ಇಬ್ಬರು ಉದ್ದನೆಯ ಕೋಲಿನಿಂದ ಗೂಡನ್ನು ಎಬ್ಬುತ್ತಿದ್ದರು. ಕಾಗೆ ಕಿರುಚುತ್ತಾ ಸುತ್ತುತ್ತಿತ್ತು. ಪ್ಲಾಟ್‌ಫಾರ್ಮಿನ ಜನ ಎಂದೂ ಫೋನಿನಿಂದ ತಲೆ ಎತ್ತದವರು, ನಿನ್ನೆ ಎಲ್ಲರೂ ಎತ್ತಿದ್ದರು. ರೈಲು ಬಂತು. ಒತ್ತಿದೆ. ಬಾಗಿಲು ಮುಚ್ಚಿತು. ತಂತಿಗಳ ಗೂಡು ಕಂಬದಿಂದ ಕಳಚಿ ಒಂದು ಕಡೆ ವಾಲಿತು. ಒಳಗೆ ಮರಿಗಳ ಬಾಯಿಗಳು ಕಂಡವು, ಕೆಂಪಗೆ, ಅಗಲವಾಗಿ.

ಎಡ ಸರಿ ಎಂದು ಒಂದು ದನಿ ಕೇಳಿಸಿತು. ನನ್ನದೇ ದನಿ.

ಅವರ ಬೆರಳು ಹೋಯಿತು, ಬಾವುಟ ಏರಿತು, ಗಂಟೆ ಆಯಿತು, ರೈಲು ಕದಲಿತು. ಆಗ ಟಿಣ್ ಟಿಣ್ ಕೇಳಿಸಿತು. ಅವಳು ನಡೆಯುವಾಗಿನ ಸದ್ದಲ್ಲ. ಅವಸರದ್ದು. ಇನ್ನೂ ಅವಸರದ್ದು.

ಕೆಂಪು ಚೀಲದ ಪಟ್ಟಿ ಬಾಗಿಲಲ್ಲಿತ್ತು. ಒಳಗೆ ಹೋಗಲಾಗದೆ ಹಿಂದೆ ಸರಿದಿದ್ದಳು ಅನ್ನಿಸುತ್ತದೆ, ಪಟ್ಟಿ ಒಳಗೇ ಉಳಿದಿತ್ತು. ಅವಳು ರೈಲಿನ ಪಕ್ಕ ಓಡುತ್ತಿದ್ದಳು. ಕೂಗಲಿಲ್ಲ. ರೈಲಿನಲ್ಲಿ ಗಲಾಟೆ ಮಾಡಬಾರದು ಎಂದು ಕಲಿಸಿರುತ್ತಾರಲ್ಲ.

ನನ್ನ ಪಕ್ಕದ ಕಂಬದಲ್ಲಿದ್ದ, ರೈಲು ನಿಲ್ಲಿಸುವ ತುರ್ತು ಗುಂಡಿಯನ್ನು ಮುಷ್ಟಿಯಿಂದ ಗುದ್ದಿದೆ. ರೈಲು ಕಿರುಚಿ ನಿಂತಿತು. ಅಷ್ಟರಲ್ಲಿ ಅವಳು ಬಿದ್ದು, ಪ್ಲಾಟ್‌ಫಾರ್ಮಿನ ಅಂಚಿನ ಹಳದಿ ಗೆರೆಯ ಮೇಲೆ ರೈಲಿನ ಎಳೆತಕ್ಕೆ ಸ್ವಲ್ಪ ದೂರ ಉಜ್ಜಿಕೊಂಡು ಹೋಗಿದ್ದಳು. ಇನ್ನು ಎರಡು ಹೆಜ್ಜೆಗೆ ಪ್ಲಾಟ್‌ಫಾರ್ಮ್ ಕೊನೆಯ ಕಬ್ಬಿಣದ ಬೇಲಿ. ಒಂದು ಕೈ ತಿರುಚಿಕೊಂಡಿತ್ತು. ಟೋಪಿ ಹಳಿಯ ಮೇಲಿತ್ತು.

ಕುರಾಮೋಚಿ-ಸಾನ್ ಬಾವುಟ ಎತ್ತಿಕೊಂಡೇ ನಿಂತಿದ್ದರು. "ಏನಾಯ್ತು? ಇಬುಕಿ, ಎಲ್ಲಿ? ಯಾವ ಕಡೆ?" ಎಂದು ಕೇಳುತ್ತಿದ್ದರು. ತಲೆ ಆ ಕಡೆ ಈ ಕಡೆ ತಿರುಗುತ್ತಿತ್ತು. ಮಗು ಅವರ ಎಡಗಡೆಯೇ ಇತ್ತು.

ಕೈ ಮೂಳೆ ಮುರಿದಿದೆ, ಬೇರೇನೂ ಆಗಿಲ್ಲ ಎಂದು ಸಂಜೆ ಸುದ್ದಿ ಬಂತು. ಹೆಸರು ನೋನೊಕಾ ಅಂತೆ.

ಏಪ್ರಿಲ್ 21

ವಿಚಾರಣೆ. ಮುಖ್ಯ ಕಚೇರಿಯಿಂದ ಒಬ್ಬರು, ಪಕ್ಕದಲ್ಲಿ ತೊಕೋರೊ. ಕುರಾಮೋಚಿ-ಸಾನ್ ನನಗಿಂತ ಮೊದಲೇ ಒಳಗೆ ಹೋಗಿ ಎಲ್ಲ ಹೇಳಿಬಿಟ್ಟಿದ್ದರು: ಕಣ್ಣು, ಪರೀಕ್ಷೆ, ಎಲ್ಲ. ನನ್ನ ವಿಷಯ ಒಂದನ್ನು ಬಿಟ್ಟು. ಅದನ್ನು ತೊಕೋರೊ ಪ್ರಶ್ನೆ ಕೇಳಿದ ರೀತಿಯಿಂದ ತಿಳಿದುಕೊಂಡೆ.

"ಅಸನುಮ-ಸಾನ್, ಅವರು ಎಡಗಡೆಗೆ ಬೆರಳು ತೋರಿಸಿದ್ದನ್ನ ನೀವು ಕಂಡಿರಾ?"

"ಕಂಡೆ. ಬೆರಳು ನೇರ ಎಡಕ್ಕೇ ಇತ್ತು."

"ಸರಿ ಅಂತ ಕೂಗಿದ್ದು ಕೇಳಿಸ್ತಾ?"

"ಕೇಳಿಸ್ತು."

ಬರೆದುಕೊಂಡರು. ಆಮೇಲೆ ಮುಖ್ಯ ಕಚೇರಿಯವರು ಎದ್ದು ನನಗೆ ತಲೆಬಾಗಿಸಿದರು. ನಾನು ತಕ್ಷಣ ಗುಂಡಿ ಒತ್ತದೆ ಇದ್ದಿದ್ದರೆ ಮಗು ಉಳಿಯುತ್ತಿರಲಿಲ್ಲವಂತೆ. ಪ್ರಶಂಸಾ ಪತ್ರ ಕೊಡುತ್ತಾರಂತೆ. ಎಷ್ಟೋ ಜನ ರೈಲು ತಡವಾಗುತ್ತದೆಂದು ಆ ಗುಂಡಿ ಒತ್ತಲು ಹೆದರುತ್ತಾರೆ ಎಂದರು.

ಕೇಳಿದ್ದಕ್ಕೆಲ್ಲ ನಿಜವನ್ನೇ ಹೇಳಿದ್ದೇನೆ. ಯಾರ ದನಿ ಎಂದು ಅವರು ಕೇಳಲಿಲ್ಲ.

ತೊಕೋರೊ ಮತ್ತು ಕುರಾಮೋಚಿ-ಸಾನ್ ಸಿಹಿಯ ಡಬ್ಬಿ ಹಿಡಿದು ನೋನೊಕಾ ಮನೆಗೆ ಕ್ಷಮೆ ಕೇಳಲು ಹೋದರು. ಮೆಟ್ಟಿಲಿಳಿಯುವಾಗ ಕುರಾಮೋಚಿ-ಸಾನ್ ತೋಳನ್ನು ತೊಕೋರೊ ಹಿಡಿದುಕೊಂಡಿದ್ದರು, ಕಳ್ಳನನ್ನು ಹಿಡಿದಂತೆಯೂ ಇತ್ತು, ಕುರುಡನನ್ನು ನಡೆಸಿದಂತೆಯೂ ಇತ್ತು. ಬಾವುಟ ವಿಶ್ರಾಂತಿ ಕೋಣೆಯ ಮೇಜಿನ ಮೇಲೆ ಬಿದ್ದಿತ್ತು, ಮಡಚದೆ.

ಏಪ್ರಿಲ್ 22

ಅಮ್ಮ ಪ್ರಶಂಸಾ ಪತ್ರದ ಸುದ್ದಿ ಕೇಳಿ ಅತ್ತಳು. ಅಜ್ಜಿಗೆ ಫೋನು ಮಾಡಿ ಹೇಳಿದಳು. ಶುಭದ ದಿನ ಮಾಡುವ ಕೆಂಪು ಕಾಳಿನ ಅನ್ನ ಮಾಡಿದಳು. ತಿಂದೆ.

ಏಪ್ರಿಲ್ 30

ಇವತ್ತು ಅವರ ಕೊನೆಯ ದಿನವಾಗಬೇಕಿತ್ತು. ಮಧ್ಯಾಹ್ನ ಅವರ ಮನೆಗೆ ಹೋದೆ. ಹೋಗದೆ ಇರಲಾಗಲಿಲ್ಲ. ಬಾವುಟವನ್ನು ತೊಕೋರೊ ಅವರನ್ನು ಕೇಳಿ ಚೀಲದಲ್ಲಿ ತೆಗೆದುಕೊಂಡು ಹೋಗಿದ್ದೆ, ಹೊರತೆಗೆಯಲು ಧೈರ್ಯವಾಗಲಿಲ್ಲ.

ಅವರ ಹೆಂಡತಿ ಚಹಾ ಇಟ್ಟು ಒಳಗೆ ಹೋದರು. ಕುರಾಮೋಚಿ-ಸಾನ್ ಮೇಜಿನ ಮೇಲೆ ಬೆರಳಾಡಿಸಿ ಲೋಟ ಹುಡುಕಿಕೊಂಡರು. ಪ್ಲಾಟ್‌ಫಾರ್ಮಿನಲ್ಲಿ ಅಷ್ಟು ನೇರ ಹೋಗುತ್ತಿದ್ದ ಬೆರಳು. ಬಹಳ ಹೊತ್ತು ಕಾಗೆಯ ಗೂಡಿನ ಬಗ್ಗೆ, ಹೂಕುಂಡಗಳ ಬಗ್ಗೆ ವಿಚಾರಿಸಿದರು. ಆಮೇಲೆ ಲೋಟ ಕೆಳಗಿಟ್ಟು, ನನ್ನ ಮುಖವನ್ನು ತಮ್ಮ ಸಣ್ಣ ಕಿಂಡಿಯೊಳಗೆ ತಂದುಕೊಂಡು ನಿಲ್ಲಿಸಿದರು.

"ಒಂದೇ ಒಂದು ಕೇಳ್ತೀನಿ ಇಬುಕಿ. ಬೇರೆ ಯಾರಿಗೂ ಹೇಳಲ್ಲ. ಆವತ್ತು ನೀನು ನೋಡಿದ್ಯಾ?"

ಬಾವುಟವಿದ್ದ ಚೀಲವನ್ನು ಮಡಿಲಿಗೆ ಎಳೆದುಕೊಂಡೆ.

"ನೋಡಿದೆ."

"ನೋಡಿದಾಗ ಇರಲಿಲ್ವಾ ಮಗು?"

"ಇರಲಿಲ್ಲ."

ಅವರು ಉಸಿರು ಬಿಟ್ಟರು. ಭುಜಗಳು ಇಳಿದವು.

"ಹಾಗಾದ್ರೆ ನೀನು ಹೇಳಿದ ಮೇಲೆ, ನಾನು ಬಾವುಟ ಎತ್ತೋದರೊಳಗೆ ಬಂದಿದಾಳೆ. ನಾನು ತಡ ಮಾಡ್ದೆ. ಸದ್ಯ. ನಂದೇ ತಪ್ಪು." ನಗುತ್ತಿದ್ದರು. "ಎಲ್ಲಿ ನಿನ್ನನ್ನೂ ಕೆಡಿಸಿಬಿಟ್ಟೆನೋ ಅಂತ ಇಷ್ಟು ದಿನ ನಿದ್ದೆ ಬಂದಿಲ್ಲ ಕಣಮ್ಮ."

ಮುದುಕರಿಗೆ ನಿದ್ದೆ ಬರಲಿ ಎಂದು ಹೇಳಿದ ಮಾತು ಅದು. ಅದನ್ನು ಸುಳ್ಳು ಎನ್ನಲಾಗದು. ಕುಡಿಯಲು ಚಹಾ ಮಾಡಿಕೊಡುವಂತೆ, ಕೊಡೆ ಹಿಡಿಯುವಂತೆ, ಅಂಥದ್ದು. ಬಾವುಟವನ್ನು ಹಾಗೇ ವಾಪಸು ತಂದೆ.

ಮೇ 11

ಮೇ ಮೊದಲ ವಾರದ ರಜೆಗಳು ಮುಗಿದವು. ತಿರುವಿನ ಹೊಟ್ಟೆಯಲ್ಲಿ ಈಗ ನಿಲ್ಲುವುದು ನಾನು. ಕ್ಯಾಮೆರಾ ಬರುವ ತನಕ. ನನ್ನನ್ನೇ ನಿಲ್ಲಿಸಬೇಕೆಂದು ತೊಕೋರೊ ಮೇಲಿನವರಿಗೆ ಹೇಳಿದರಂತೆ: "ಈ ನಿಲ್ದಾಣದಲ್ಲಿ ನಿಜವಾಗಿ ಕಣ್ಣಿರೋದು ಇವರಿಗೆ ಮಾತ್ರ." ಹೊಸ ಬಿಳಿ ಕೈಗವಸು ಕೊಟ್ಟಿದ್ದಾರೆ. ಕುರಾಮೋಚಿ-ಸಾನ್ ಕೊನೆಯ ದಿನಕ್ಕೆಂದು ತೆಗೆದಿಟ್ಟಿದ್ದ ಜೋಡಿ ಅದೇ ಇರಬೇಕು, ಬೆರಳು ಸ್ವಲ್ಪ ಉದ್ದ.

ಬೇರೆ ನಿಲ್ದಾಣದ ಹೊಸಬರಿಬ್ಬರು ನನ್ನನ್ನು ನೋಡಲು ಬಂದಿದ್ದರು. ಚೆನ್ನಾಗಿ ಮಾಡುತ್ತೀರಿ, ನೃತ್ಯದಂತಿದೆ ಎಂದರು.

ಕಂಬದ ಮೇಲೆ ಕಾಗೆಗಳು ಮತ್ತೆ ತಂತಿ ತರುತ್ತಿವೆ. ಅದೇ ಜಾಗಕ್ಕೆ.

ನೋನೊಕಾ ಇವತ್ತು ಶಾಲೆಗೆ ಬಂದಳು. ಕೈಗೆ ಪ್ಲಾಸ್ಟರ್, ಹೊಸ ಟೋಪಿ. ಚೀಲದ ಪಟ್ಟಿ ಹೊಸದು, ಗಂಟೆ ಹಳೆಯದೇ. ಅವಳ ತಾಯಿ ಪ್ಲಾಟ್‌ಫಾರ್ಮಿನ ತನಕ ಬಂದು, ಸೊಂಟ ಬಗ್ಗಿಸಿ, ಬಹಳ ಹೊತ್ತು ತಲೆ ಎತ್ತಲೇ ಇಲ್ಲ.

"ನೀವಿದ್ದೀರಿ ಅನ್ನೋ ಒಂದೇ ಧೈರ್ಯದ ಮೇಲೆ ಕಳಿಸ್ತಾ ಇದೀನಿ. ನಿಮ್ಮ ಕೈಲಿಟ್ಟಿದೀನಿ ಅಂತಲೇ ತಿಳ್ಕೊಳ್ಳಿ."

ನಾನೂ ತಲೆಬಾಗಿಸಿದೆ. ಹುಡುಗಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

ರೈಲು ಬಂತು. ಜನ ತುಂಬಿದರು. ಎಡಗಡೆ ಯಾವುದೋ ಬಾಗಿಲ ಕಡೆಗೆ ಗಂಟೆಯ ಸದ್ದು ಹೋಯಿತು. ಬಾಗಿಲು ಮುಚ್ಚಿತು. ಬೆರಳು ಚಾಚಿದೆ. ಬಲ ಸರಿ. ಎಡ ಸರಿ. ಬಾವುಟ ಎತ್ತಿದೆ. ದನಿ ಚೆನ್ನಾಗಿ ಬಂತು, ಪ್ಲಾಟ್‌ಫಾರ್ಮಿನ ತುದಿಯವರೆಗೂ ಕೇಳಿಸಿರಬೇಕು.

ರೈಲು ಹೊರಟುಹೋದ ಮೇಲೆ ಎಡಕ್ಕೆ ತಿರುಗಿ ನೋಡಿದೆ. ಯಾರೂ ಬಿದ್ದಿರಲಿಲ್ಲ. ಎಲ್ಲ ಸರಿಯಾಗಿಯೇ ಇತ್ತು.